ಹಸಿರು ಶಾಲು ಮತ್ತು ಮತಪೆಟ್ಟಿಗೆ

(ಒಂದು ಉಪನ್ಯಾಸದ ಬರಹರೂಪ)



ವಿಧಾನಸಭೆಯ ಹೊರಗೆ ನಿಂತು ಸರ್ಕಾರದ ಕಿವಿ ಹಿಂಡುವ ಸಂಘಟನೆಗಳಿಗೆ ರಾಜ್ಯಶಾಸ್ತ್ರದಲ್ಲಿ ‘ಒತ್ತಡ ಗುಂಪು’ ಎಂಬ ಹೆಸರಿದೆ. ಪಕ್ಷಕ್ಕೆ ಅಧಿಕಾರ ಬೇಕು, ಒತ್ತಡ ಗುಂಪಿಗೆ ಬೇಡಿಕೆ ಈಡೇರಬೇಕು. ಪುಸ್ತಕದಲ್ಲಿ ಈ ವ್ಯತ್ಯಾಸ ಸ್ಪಷ್ಟ. ಚುನಾವಣೆ ಬಂದಾಗ ಮಾತ್ರ ಗೆರೆ ಮಸುಕಾಗುತ್ತದೆ. ಸರ್ಕಾರವನ್ನೇ ನಡುಗಿಸಿದ ಸಂಘವೊಂದು ತಾನೇ ಕಣಕ್ಕಿಳಿದರೆ ಏಕೆ ಗೆಲ್ಲುವುದಿಲ್ಲ? ಕರ್ನಾಟಕದ ರೈತ ಚಳವಳಿಯ ಚರಿತ್ರೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

1980ರ ಜುಲೈ 21. ಆಗಿನ ಧಾರವಾಡ ಜಿಲ್ಲೆಯ ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದಿದ್ದರು. ಮಲಪ್ರಭಾ ಕಾಲುವೆಯ ಹೆಸರಿನಲ್ಲಿ ಬೆಟರ್‌ಮೆಂಟ್ ಲೆವಿ ಎಂಬ ಕರ ಬಂದಿತ್ತು. ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಅದರ ಬಿಸಿ ತಟ್ಟಿತ್ತು. ಗೋಲಿಬಾರ್ ನಡೆಯಿತು, ರೈತರು ಪ್ರಾಣ ತೆತ್ತರು. ಆ ಕಿಡಿ ಮಲೆನಾಡು, ಹಳೆ ಮೈಸೂರುಗಳಿಗೂ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅದರ ಮುಂಚೂಣಿಯಲ್ಲಿದ್ದರು. ಅಧಿಕಾರಿಗಳು ಅನುಮತಿಯಿಲ್ಲದೆ ಊರೊಳಗೆ ಬರಬಾರದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ಎದ್ದು ನಿಂತವು. ಸಾಲ ವಸೂಲಿಗೆ ಬಂದವರ ಜೀಪುಗಳು ಹಿಂದಿರುಗಬೇಕಾಯಿತು.

ಅದೇ ಹೊತ್ತಿಗೆ ಇನ್ನೊಂದು ಚಳವಳಿ ಕಾವೇರತೊಡಗಿತ್ತು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೊಡಬೇಕೆಂದ ಗೋಕಾಕ್ ವರದಿ ಜಾರಿಯಾಗಬೇಕೆಂಬ ಬೇಡಿಕೆಗೆ 1982ರಲ್ಲಿ ಡಾ. ರಾಜ್‌ಕುಮಾರ್ ದನಿಗೂಡಿಸಿದರು. ಚಳವಳಿ ಊರೂರಿಗೆ ಮುಟ್ಟಿತು. ಆರ್. ಗುಂಡೂರಾವ್ ಸರ್ಕಾರ ಹಳ್ಳಿಯಲ್ಲಿ ರೈತನನ್ನೂ ಪೇಟೆಯಲ್ಲಿ ಕನ್ನಡ ಹೋರಾಟಗಾರನನ್ನೂ ಏಕಕಾಲಕ್ಕೆ ಎದುರಿಸಬೇಕಾಯಿತು.

1983ರ ಜನವರಿಯಲ್ಲಿ ಚುನಾವಣೆ. ಒಟ್ಟು 224 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18 ದಕ್ಕಿದವು. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲಿಸಿದವು. ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು.

ಇಲ್ಲೊಂದು ಲೆಕ್ಕ ಗಮನಿಸಬೇಕು. 1978ರಲ್ಲಿ ಇಂದಿರಾ ಕಾಂಗ್ರೆಸ್ ನೂರಕ್ಕೆ ಸುಮಾರು 44 ಮತ ಪಡೆದು 149 ಸ್ಥಾನ ಗೆದ್ದಿತ್ತು. 1983ರಲ್ಲಿ ಅದರ ಮತ ನೂರಕ್ಕೆ ಸುಮಾರು 40. ಅಂದರೆ ಕಳೆದುಕೊಂಡದ್ದು ನೂರರಲ್ಲಿ ನಾಲ್ಕು ಮತ; ಹೋದದ್ದು 67 ಸ್ಥಾನ. ಒಟ್ಟು ಮತಗಳಲ್ಲಿ ಕಾಂಗ್ರೆಸ್ ಆಗಲೂ ಜನತಾ ಪಕ್ಷಕ್ಕಿಂತ ಮುಂದಿತ್ತು! ಸೋಲಿಗೆ ಚಳವಳಿಗಳಷ್ಟೇ ಕಾರಣವಲ್ಲ. ಬಂಗಾರಪ್ಪನವರ ಕ್ರಾಂತಿರಂಗ ಜನತಾ ಪಕ್ಷದ ಜೊತೆಗಿತ್ತು, ಸರ್ಕಾರದ ವರ್ಚಸ್ಸೂ ಕುಂದಿತ್ತು. ಆದರೂ ಸರ್ಕಾರವೊಂದನ್ನು ಬೀಳಿಸಲು ಎಷ್ಟು ಕಡಿಮೆ ಮತ ಅತ್ತಿತ್ತಾದರೆ ಸಾಕು ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಮುಂದೆ ಸಂಘ ತಾನೇ ಸ್ಪರ್ಧಿಸಿತು. 1989ರಲ್ಲಿ ಕಾಂಗ್ರೆಸ್ 178 ಸ್ಥಾನ ಬಾಚಿಕೊಂಡಾಗ ರೈತ ಸಂಘಕ್ಕೆ ದಕ್ಕಿದ್ದು ಎರಡು. ಕಿತ್ತೂರು, ಧಾರವಾಡ ಗ್ರಾಮಾಂತರ ಎರಡರಲ್ಲೂ ಗೆದ್ದವರು ಬಾಬಾಗೌಡ ಪಾಟೀಲರೊಬ್ಬರೇ. ಅವರು ತೆರವು ಮಾಡಿದ ಧಾರವಾಡ ಗ್ರಾಮಾಂತರದಿಂದ ನಂಜುಂಡಸ್ವಾಮಿ ವಿಧಾನಸಭೆಗೆ ಬಂದರು. 1994ರಲ್ಲಿ ಗೆದ್ದದ್ದು ಒಂದೇ, ಪಾಂಡವಪುರದಲ್ಲಿ ಕೆ.ಎಸ್. ಪುಟ್ಟಣ್ಣಯ್ಯ.

ಲಕ್ಷಾಂತರ ಜನ ಸೇರುತ್ತಿದ್ದ ಸಂಘಕ್ಕೆ ಮತಪೆಟ್ಟಿಗೆ ಏಕೆ ಒಲಿಯಲಿಲ್ಲ? ಮೊದಲನೆಯದು ಲೆಕ್ಕದ ಮಾತೇ. ಸೋಲಿಸಲು ನೂರರಲ್ಲಿ ನಾಲ್ಕು ಮತ ಸಾಕಾಗಬಹುದು. ಗೆಲ್ಲಲು ಮೂವತ್ತೈದು, ನಲವತ್ತು ಬೇಕು. ಎರಡನೆಯದಾಗಿ, ಮೆರವಣಿಗೆಗೆ ಬರುವವನು ರೈತ ಮಾತ್ರ. ಮತ ಹಾಕುವಾಗ ಅವನು ರೈತನೂ ಹೌದು, ಒಂದು ಜಾತಿಯವನೂ ಹೌದು, ಒಂದು ಊರಿನ ಒಂದು ಪಾರ್ಟಿಯವನೂ ಹೌದು. ಹಸಿರು ಶಾಲು ಹೊದ್ದವರ ಮನೆಯೊಳಗೇ ಬೇರೆ ಪಕ್ಷದ ಬಾವುಟ ಇರುತ್ತಿತ್ತು. ಮೂರನೆಯದಾಗಿ, ಭೂಮಿಯಿಲ್ಲದ ಕೂಲಿಯವನಿಗೆ ಸಾಲ, ಲೆವಿ, ಬೆಲೆಗಳ ಬೇಡಿಕೆ ತನ್ನದೆನ್ನಿಸುವುದು ಕಷ್ಟ. ನಾಲ್ಕನೆಯದು, ಊರಿಗೆ ರಸ್ತೆ, ಕೊಳವೆಬಾವಿ ಬೇಕಾದವನು ಸರ್ಕಾರ ರಚಿಸಬಲ್ಲ ಪಕ್ಷವನ್ನು ಹುಡುಕುತ್ತಾನೆ.

ಸಂಘಕ್ಕೆ ಇದರಿಂದ ನಷ್ಟವೂ ಆಯಿತು. ಟಿಕೆಟ್, ನಾಯಕತ್ವದ ಪ್ರಶ್ನೆಗಳು ಒಳಗೇ ಹುಟ್ಟಿದವು. ಸಂಘ ಬಣಗಳಾಗಿ ಒಡೆಯಿತು. ಬಾಬಾಗೌಡರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿಯ ಸಂಸದರಾಗಿ ಕೇಂದ್ರ ಮಂತ್ರಿಯೂ ಆದರು. ಪುಟ್ಟಣ್ಣಯ್ಯ 2013ರಲ್ಲಿ ಮೇಲುಕೋಟೆಯಿಂದ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. 2023ರಲ್ಲಿ ಅವರ ಮಗ ದರ್ಶನ್ ಗೆದ್ದಾಗ ಕಾಂಗ್ರೆಸ್ಸಿನ ಬೆಂಬಲವಿತ್ತು.

ಹಾಗೆಂದು ಹೊರಗೇ ಉಳಿಯುವುದು ಸುಲಭದ ದಾರಿಯೂ ಅಲ್ಲ. ಕನ್ನಡ ಚಳವಳಿ ಪಕ್ಷವಾಗದೆಯೇ 1983ರ ಸರ್ಕಾರದಿಂದ ಕನ್ನಡ ಕಾವಲು ಸಮಿತಿಯನ್ನು ಪಡೆಯಿತು. ಆದರೆ ಅದರ ಅಧಿಕಾರ ಎಷ್ಟು, ಆಯುಷ್ಯ ಎಷ್ಟು ಎಂದು ನಿರ್ಧರಿಸುವವರು ಒಳಗೆ ಕುಳಿತವರೇ. ಕಾನೂನು ಬರೆಯುವ ಮೇಜು ಹೊರಗಿನವರಿಗೆ ಸಿಗುವುದಿಲ್ಲ. ಒಳಗೆ ಹೋದವರಿಗೆ ಮೇಜು ಸಿಗುತ್ತದೆ. ಹಿಂದೆ ನಿಂತ ಜನ ಚದುರುತ್ತಾರೆ. ಪ್ರತಿ ವರ್ಷ ಜುಲೈ 21ರಂದು ನರಗುಂದದ ಹುತಾತ್ಮರಿಗೆ ಮಾಲೆ ಹಾಕಲು ಎಲ್ಲ ಪಕ್ಷಗಳವರೂ ಬರುತ್ತಾರೆ. ಅವರಲ್ಲಿ ಯಾರನ್ನು ಹೇಗೆ ಹಿಡಿದು ಕೆಲಸ ಮಾಡಿಸಿಕೊಳ್ಳಬೇಕು ಎಂಬುದೇ ರೈತನ ಮುಂದಿರುವ ನಿಜವಾದ ಪ್ರಶ್ನೆ.