ಕಿಟಕಿಯಾಚೆ ಬರೀ ಆಕಾಶ: ಇಟಲಿಯ ಚಿವಿತಾದಲ್ಲಿ ಫೋಟೊಗೆ ಎಲ್ಲಿ ನಿಲ್ಲಬೇಕು?

ಇನ್‌ಸ್ಟಾಗ್ರಾಂನಲ್ಲಿ ಇಟಲಿ ಅಂತ ಹುಡುಕಿದವರಿಗೆ ಈ ಫೋಟೊ ಒಂದಲ್ಲ ಒಂದು ಸಲ ಸಿಕ್ಕಿರುತ್ತೆ. ಸುತ್ತಲೂ ಆಳವಾದ ಕಣಿವೆ, ನಡುವೆ ಒಂಟಿ ಗುಡ್ಡ, ಅದರ ನೆತ್ತಿಯಲ್ಲಿ ಒತ್ತೊತ್ತಾಗಿ ಕಲ್ಲಿನ ಮನೆಗಳು, ಒಂದು ಗಂಟೆಗೋಪುರ. ಅಲ್ಲಿಗೆ ಹೋಗೋಕೆ ಉದ್ದನೆಯ ಒಂದೇ ಒಂದು ಕಾಲುಸೇತುವೆ. ‘ಯಾವುದೋ ಗ್ರಾಫಿಕ್ಸ್ ಇರಬೇಕು’ ಅಂದ್ಕೊಂಡು ಮುಂದೆ ಸ್ಕ್ರಾಲ್ ಮಾಡಿರ್ತೀರಿ. ಅಲ್ಲ, ಅದು ನಿಜವಾದ ಊರು. ಹೆಸರು ಚಿವಿತಾ ದಿ ಬಾನ್ಯೊರೆಜೊ. ರೋಮ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೊಮೀಟರ್.

ಈ ಊರಿಗೆ ಇನ್ನೊಂದು ಹೆಸರೂ ಇದೆ, ‘ಸಾಯುತ್ತಿರುವ ಊರು’. ಹೊರಗಿನವರು ಹೀಯಾಳಿಸಿ ಇಟ್ಟ ಹೆಸರಲ್ಲ ಇದು. ಪಕ್ಕದ ಬಾನ್ಯೊರೆಜೊದಲ್ಲೇ ಹುಟ್ಟಿದ ಬರಹಗಾರ ಬೊನವೆಂತೂರಾ ತೆಕ್ಕಿ ಕೊಟ್ಟಿದ್ದು. ಯಾಕೆ ಸಾಯ್ತಿದೆ? ಊರು ಕೂತಿರೋದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಿನ ಮೇಲೆ. ಆ ಕಲ್ಲಿನ ಕೆಳಗಿರೋದು ಜೇಡಿಮಣ್ಣು. ಮಳೆ ಮತ್ತು ಎರಡೂ ಬದಿಯ ತೊರೆಗಳು ಆ ಮಣ್ಣನ್ನ ಕೊರೀತಾ ಹೋಗ್ತವೆ. ಕೆಳಗಿನ ಆಧಾರ ಹೋದಾಗ ಮೇಲಿನ ಕಲ್ಲು ಬಿರುಕು ಬಿಟ್ಟು ಅಂಚಿನಿಂದ ಕಳಚಿ ಬೀಳುತ್ತೆ, ಮೇಲಿರೋ ಮನೆ ಸಮೇತ. ಸುಮಾರು 2500 ವರ್ಷಗಳ ಹಿಂದೆ ಎಟ್ರುಸ್ಕನ್ನರು ಕಟ್ಟಿದ ಊರು ಇದು. 1695ರಲ್ಲಿ ದೊಡ್ಡ ಭೂಕಂಪ ಆದಮೇಲೆ ಜನ ಒಬ್ಬೊಬ್ಬರಾಗಿ ಬಾನ್ಯೊರೆಜೊ ಕಡೆಗೆ ಹೊರಟುಬಿಟ್ಟರು. ಈಗ ಅಲ್ಲೇ ಕಾಯಂ ವಾಸ ಮಾಡೋರು ಹತ್ತು ಹನ್ನೆರಡು ಜನ ಅಷ್ಟೇ.

ಸರಿ, ಫೋಟೊ ವಿಷಯಕ್ಕೆ ಬರೋಣ. ಎಲ್ಲರೂ ತೆಗೆಯೋ ಆ ಫೋಟೊ ಬರೋದು ಬಾನ್ಯೊರೆಜೊ ಕಡೆಯ ಬೆಲ್ವೆದೆರೆಯಿಂದ. ಅಂದ್ರೆ ವ್ಯೂ ಪಾಯಿಂಟ್. ಚಿವಿತಾ ಇರೋದು ಅಲ್ಲಿಂದ ಪೂರ್ವಕ್ಕೆ. ಹಾಗಾಗಿ ಸಂಜೆ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ನೇರ ಊರಿನ ಮುಖಕ್ಕೆ ಬೀಳುತ್ತೆ, ಕಲ್ಲೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತೆ. ಬೆಳಗ್ಗೆ ಉಲ್ಟಾ. ಸೂರ್ಯ ಊರಿನ ಹಿಂದಿರ್ತಾನೆ, ಮನೆಗಳು ಕಪ್ಪಗೆ ಕಾಣ್ತವೆ. ಆದ್ರೆ ಚಳಿ ದಿನಗಳಲ್ಲಿ ಕೆಲವು ಬೆಳಗ್ಗೆ ಕಣಿವೆ ತುಂಬ ಮಂಜು ತುಂಬ್ಕೊಂಡು ಊರು ಮೋಡದ ಮೇಲೆ ತೇಲೋ ಹಾಗಿರುತ್ತೆ. ಅದಕ್ಕೆ ಅದೃಷ್ಟ ಬೇಕು. ಇನ್ನೊಂದು ಮಾತು, ದಯವಿಟ್ಟು ಇಲ್ಲಿ 0.5 ವೈಡ್ ಬಳಸಬೇಡಿ. ಊರು ಕಡಲೆಕಾಳಿನಷ್ಟಾಗುತ್ತೆ. 2ಎಕ್ಸ್ ಅಥವಾ 3ಎಕ್ಸ್ ಇಟ್ಟು, ಆಕಾಶದ ಮೇಲೆ ಒತ್ತಿ ಬೆಳಕು ಸ್ವಲ್ಪ ಇಳಿಸಿ.

ಅಲ್ಲಿಂದ ಕೆಳಗಿಳಿದ್ರೆ ಸೇತುವೆ. 1965ರಲ್ಲಿ ಕಟ್ಟಿದ್ದು, ಸುಮಾರು 300 ಮೀಟರ್ ಉದ್ದ, ಕೊನೆಯಲ್ಲಿ ಒಳ್ಳೇ ಏರು. ಇಲ್ಲಿ ಸೆಲ್ಫಿಗಿಂತ, ಮುಂದೆ ಹೋಗ್ತಿರೋ ಜನ ಪುಟ್ಟದಾಗಿ ಕಾಣೋ ಹಾಗೆ ತೆಗೆದ್ರೆ ಗುಡ್ಡ ಎಷ್ಟು ಎತ್ತರ ಅನ್ನೋದು ಗೊತ್ತಾಗುತ್ತೆ.

ಸೇತುವೆ ಮುಗಿದ ಕಡೆ ಸಾಂತಾ ಮರಿಯಾ ಬಾಗಿಲು. ಕಲ್ಲಿನಲ್ಲಿ ಕೊರೆದ ದಾರಿ. ಅದನ್ನ ದಾಟಿ ಒಳಗೆ ಬಂದ ತಕ್ಷಣ ಎಲ್ಲರೂ ನೇರ ಚೌಕದ ಕಡೆ ಓಡ್ತಾರೆ. ನೀವು ಓಡಬೇಡಿ, ಇಲ್ಲೇ ತಲೆ ಎತ್ತಿ ನೋಡಿ. ಹಳೇ ಅರಮನೆಯಂಥ ಮನೆಯ ಮುಂಭಾಗದ ಗೋಡೆ ನಿಂತಿದೆ. ಅಂದವಾದ ಕಿಟಕಿಗಳಿವೆ. ಕಿಟಕಿಯೊಳಗೆ ಏನಿದೆ? ಆಕಾಶ. ಗೋಡೆಯ ಹಿಂದೆ ಮನೆಯೇ ಇಲ್ಲ, ಅದು ಕಣಿವೆಗೆ ಜಾರಿ ಬಿದ್ದು ಎಷ್ಟೋ ಕಾಲ ಆಯ್ತು. ನನ್ನ ಕೇಳಿದ್ರೆ ಚಿವಿತಾದಲ್ಲಿ ಒಂದೇ ಒಂದು ಫೋಟೊ ತೆಗೀಬೇಕು ಅಂದ್ರೆ ಇದನ್ನೇ. ಬೆಲ್ವೆದೆರೆಯ ಫೋಟೊದಲ್ಲಿ ಊರು ಚೆಂದ ಕಾಣುತ್ತೆ, ಆದ್ರೆ ಊರಿಗೆ ಏನಾಗ್ತಿದೆ ಅಂತ ಕಾಣಲ್ಲ. ಈ ಕಿಟಕಿಯಲ್ಲಿ ಕಾಣುತ್ತೆ. ಗೋಡೆ ನೆರಳಲ್ಲಿದ್ದು ಆಕಾಶ ನೀಲಿಯಾಗಿರೋ ಹೊತ್ತು ನೋಡಿ ತೆಗೀರಿ.

ಕ್ರೈಸ್ತ ಸಂತ ಬೊನವೆಂಚರ್ ಹುಟ್ಟಿದ್ದು ಇದೇ ಊರಲ್ಲಿ. ಅವರ ಮನೆಯ ಕಥೆಯೂ ಇದೇ. ಬಹುಪಾಲು ಕಣಿವೆ ಪಾಲಾಗಿದೆ.

ಸಾನ್ ದೊನಾತೊ ಚೌಕದ ಬಗ್ಗೆ ಜಾಸ್ತಿ ಹೇಳಲ್ಲ, ಅಲ್ಲಿ ಹೇಗೆ ತೆಗೆದ್ರೂ ಚೆನ್ನಾಗೇ ಬರುತ್ತೆ. ಚೌಕದ ನೆಲಕ್ಕೆ ಕಲ್ಲು ಹಾಸಿಲ್ಲ. ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಇದೇ ಜಾಗದಲ್ಲಿ ಕತ್ತೆಗಳ ಓಟದ ಸ್ಪರ್ಧೆ ನಡೆಯುತ್ತೆ. ಅಲ್ಲೇ ಅಲೆಮಾನ್ನಿ ಅನ್ನೋ ಹಳೇ ಕಟ್ಟಡದಲ್ಲಿ ಭೂಕುಸಿತದ ಬಗ್ಗೆನೇ ಒಂದು ಮ್ಯೂಸಿಯಂ ಇದೆ. ಅದನ್ನ ನೋಡಿ ಹೊರಗೆ ಬಂದು ಊರಿನ ಇನ್ನೊಂದು ತುದಿಗೆ ಹೋಗಿ. ಬೋಳಾದ ಜೇಡಿಮಣ್ಣಿನ ಏಣುಗಳು ಚಾಕುವಿನ ಅಲಗುಗಳ ಹಾಗೆ ಸಾಲಾಗಿ ನಿಂತಿರ್ತವೆ. ವೈಡ್ ಲೆನ್ಸ್ ಬೇಕಾಗೋದು ಇಲ್ಲಿ.

ಈಗ ಒಂದು ಪ್ರಶ್ನೆ. ಫೋಟೊಗೋಸ್ಕರ ನುಗ್ಗೋ ಜನ ಇಂಥ ಸೂಕ್ಷ್ಮ ಊರನ್ನ ಹಾಳು ಮಾಡಲ್ವಾ? ಇಲ್ಲಿ ಉತ್ತರ ಅಷ್ಟು ಸುಲಭ ಇಲ್ಲ. 2013ರಲ್ಲಿ ಪ್ರವೇಶ ಶುಲ್ಕ ಶುರು ಮಾಡಿದರು. ಆಗ ಒಂದೂವರೆ ಯೂರೊ ಇತ್ತು, ಆಮೇಲೆ ಐದಕ್ಕೆ ಏರಿತು. ಊರಿಗೆ ಟಿಕೆಟ್ಟಾ ಅಂತ ಬೇಜಾರಾಗಬಹುದು. ಆದ್ರೆ ಇಷ್ಟು ಕಡಿಮೆ ಜನ ಇರೋ ಊರು ತೆರಿಗೆ ಕಟ್ಟಿಕೊಂಡೇ ಒಂದು ಗುಡ್ಡವನ್ನ ಹಿಡಿದು ನಿಲ್ಲಿಸೋಕೆ ಆಗುತ್ತಾ? ನೋಡೋಕೆ ಬಂದವರ ದುಡ್ಡೇ ಆಧಾರ. ನನ್ನ ತಕರಾರು ಟಿಕೆಟ್ ಬಗ್ಗೆ ಅಲ್ಲ, ಹೂಕುಂಡ ಇಟ್ಟ ಮನೆಯ ಮೆಟ್ಟಿಲು ಹತ್ತಿ ಬಾಗಿಲಿಗೆ ಒರಗಿ ಪೋಸ್ ಕೊಡೋರ ಬಗ್ಗೆ. ಅದು ಸೆಟ್ ಅಲ್ಲ ಕಣ್ರೀ, ಒಳಗೆ ಯಾರೋ ಅಡುಗೆ ಮಾಡ್ತಿರ್ತಾರೆ! ಡ್ರೋನ್ ತಗೊಂಡು ಹೋಗೋರು ಯುರೋಪಿನ ನಿಯಮದ ಪ್ರಕಾರ ನೋಂದಣಿ ಮಾಡಿಸಿರಬೇಕು. ಕ್ಯಾಮೆರಾ ಇದ್ರೆ ಸಣ್ಣ ಡ್ರೋನ್‌ಗೂ ಇದು ಅನ್ವಯ.

ಹೋಗೋದು ಹೇಗೆ? ರೋಮ್‌ನಿಂದ ಓರ್ವಿಯೆತೊವರೆಗೆ ರೈಲು, ಅಲ್ಲಿಂದ ಬಾನ್ಯೊರೆಜೊಗೆ ಬಸ್, ಆಮೇಲೆ ನಡಿಗೆ. ಬಸ್‌ಗಳು ಕಡಿಮೆ. ಭಾನುವಾರ ಅಂತೂ ಬಸ್ ನಂಬ್ಕೊಂಡು ಹೊರಡಬೇಡಿ, ಸಮಯ ಮೊದಲೇ ನೋಡ್ಕೊಳ್ಳಿ. ಸಂಜೆ ಬಿಸಿಲಿನ ಫೋಟೊ ಬೇಕಂದ್ರೆ ವಾಪಸ್ ಬಸ್ ತಪ್ಪೋ ಸಾಧ್ಯತೆ ಇದ್ದೇ ಇದೆ. ಅದಕ್ಕೆ ಒಂದು ರಾತ್ರಿ ಬಾನ್ಯೊರೆಜೊದಲ್ಲೇ ರೂಮ್ ಮಾಡಿ. ಬೆಳಗ್ಗೆ ಬೇಗ ಎದ್ದು ಕಿಟಕಿ ತೆಗೆದು ನೋಡಿ, ಮಂಜು ಕಂಡ್ರೆ ಕಾಫಿಗೂ ಕಾಯದೆ ಬೆಲ್ವೆದೆರೆಗೆ ಓಡಿ.