ಮೂಳೆ ಮುರಿತಕ್ಕೆ ಪ್ರಥಮ ಚಿಕಿತ್ಸೆ: ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಸದಸ್ಯರ ಪಾತ್ರ
(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಮರದಿಂದ ಬಿದ್ದವರ ಕಾಲು ಮುರಿದಾಗ ನೆರೆದವರು ಅದನ್ನು ಎಳೆದು ನೆಟ್ಟಗೆ ಮಾಡಲು ಯತ್ನಿಸುತ್ತಾರೆ, ಇಲ್ಲವೇ ಬಿಗಿಯಾಗಿ ಕಟ್ಟುತ್ತಾರೆ. ಎರಡೂ ಅಪಾಯಕರ. ಅಲುಗಿದ ಮೂಳೆಯ ಚೂಪು ತುದಿ ರಕ್ತನಾಳವನ್ನು ಸೀಳಬಲ್ಲದು. ಬಿಗಿಯಾದ ಕಟ್ಟು ರಕ್ತಸಂಚಾರವನ್ನು ತಡೆದು ಅಂಗವನ್ನೇ ಕಳೆಯಬಲ್ಲದು. ತೊಡೆಯ ಮೂಳೆ ಮುರಿದರೆ ಒಳಗೊಳಗೇ 1 ಲೀಟರಿಗೂ ಅಧಿಕ ರಕ್ತ ಸೋರಬಹುದು.

ಆದುದರಿಂದ ಆಶಾ ಕಾರ್ಯಕರ್ತೆಯರು ಈ ಕ್ರಮಗಳನ್ನು ಕಲಿಯುವುದು ಅವಶ್ಯಕ:

1. ಕೂಡಲೇ 108ಕ್ಕೆ ಕರೆ ಮಾಡಿಸುವುದು.
2. ಗಾಯವನ್ನು ಶುಭ್ರ ಬಟ್ಟೆಯಿಂದ ಮುಚ್ಚಿ ರಕ್ತಸ್ರಾವ ತಡೆಯುವುದು. ಹೊರಬಂದ ಮೂಳೆಯನ್ನು ಒಳಗೆ ತಳ್ಳದಿರುವುದು.
3. ಬಳೆ, ಉಂಗುರ, ಕಾಲುಂಗುರಗಳನ್ನು ಊತ ಬರುವ ಮುನ್ನವೇ ತೆಗೆಯುವುದು.
4. ಬಟ್ಟೆ ಸುತ್ತಿದ ಬಿದಿರಿನ ದಬ್ಬೆಗಳನ್ನಿಟ್ಟು, ಮುರಿತದ ಮೇಲಿನ ಹಾಗೂ ಕೆಳಗಿನ ಕೀಲುಗಳು ಅಲುಗದಂತೆ ಕಟ್ಟುವುದು.
5. ಬೆರಳುಗಳು ತಣ್ಣಗಾದರೆ, ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ಕಟ್ಟನ್ನು ಸಡಿಲಿಸುವುದು.
6. ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಶಂಕೆಯಿದ್ದರೆ ಗಾಯಾಳುವನ್ನು ಕದಲಿಸದಿರುವುದು.

ಇದು ಕೇಳಿ ಬರುವ ವಿದ್ಯೆಯಲ್ಲ, ಕೈಯಾರೆ ಮಾಡಿ ರೂಢಿಸಿಕೊಳ್ಳಬೇಕಾದ ಕೌಶಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಚುನಾಯಿತ ಸದಸ್ಯರೂ ಆಶಾ ಕಾರ್ಯಕರ್ತೆಯರೂ ಜೊತೆಗಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಂದ ಅಭ್ಯಾಸಸಹಿತ ತರಬೇತಿ ಕೊಡಿಸಲು, ದಬ್ಬೆ ಮತ್ತು ಬಟ್ಟೆಪಟ್ಟಿಗಳನ್ನು ಗ್ರಾಮದಲ್ಲಿ ಸಿದ್ಧವಾಗಿರಿಸಲು ಮುಂದಿನ ಸಭೆಯಲ್ಲಿ ನಿರ್ಣಯ ಕೈಗೊಳ್ಳಬೇಕು. ದುಡಿದುಣ್ಣುವವನಿಗೆ ಕಾಲು ಉಳಿದರೆ ಸಂಸಾರ ಉಳಿದೀತು.