ಅಯಸ್ಕಾಂತಕ್ಕೆ ಬಿಸಿಲಿನ ಪರೀಕ್ಷೆ



ಚಾವಿ ಕೊಡುವ ವಾಚಿನ ಹೇರ್‌ಸ್ಪ್ರಿಂಗ್ ತೆಗೆದು ಆ ಜಾಗದಲ್ಲಿ ಅಯಸ್ಕಾಂತ ಇಡಬಹುದೇ? ಇವತ್ತಿನ ವಿಷಯ ಇದು. ವಾಚ್ ರಿಪೇರಿಯವರಿಗೆ ಕೇಳಲಿಕ್ಕೇ ವಿಚಿತ್ರ ಅನಿಸೀತು. ಅಯಸ್ಕಾಂತ ತಾಗಿದ ವಾಚು ಅವರ ಟೇಬಲ್ಲಿಗೆ ಬಂದರೆ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಮುಳ್ಳು ಎದ್ದೂಬಿದ್ದೂ ಮುಂದೆ ಓಡುತ್ತಿರುತ್ತದೆ. ಆ ಕಾಂತತ್ವ ಬಿಡಿಸಿದ ಮೇಲೇ ಮುಂದಿನ ಕೆಲಸ. ಈಗ ನಾವು ಕಳ್ಳನ ಕೈಗೇ ಕೀಲಿ ಕೊಡಿ ಎನ್ನುತ್ತಿದ್ದೇವೆ!

ಆದರೂ ಕೇಳಲು ಕಾರಣವಿದೆ. 1675ರಲ್ಲಿ ಹೈಗೆನ್ಸ್ ಸುರುಳಿ ಸ್ಪ್ರಿಂಗ್ ತಂದಾಗಿನಿಂದ ವಾಚಿನ ಜೀವ ಅದರಲ್ಲಿದೆ. ಅದನ್ನು ಮಾಡಬಲ್ಲವರು ಮಾತ್ರ ಎಂದೂ ಕೆಲವರೇ. ನಮ್ಮ ಎಚ್‌ಎಂಟಿಯನ್ನೇ ನೋಡಿ. ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನ ವಾಚ್ ಕಾರ್ಖಾನೆ ಶುರುವಾದದ್ದು 1961ರಲ್ಲಿ. ಹೇರ್‌ಸ್ಪ್ರಿಂಗ್, ಮೇನ್‌ಸ್ಪ್ರಿಂಗ್ ತಯಾರಿಕೆಗೆಂದು ಅದನ್ನು ವಿಸ್ತರಿಸಿದ್ದು 1975ರಲ್ಲಿ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು.

ಆ ಸ್ಪ್ರಿಂಗ್ ಇಲ್ಲದ ವಾಚಿನ ಯತ್ನ ಆಗಲೇ ನಡೆದಿದೆ: 2010ರಲ್ಲಿ ವಾಚ್ ಕಂಪನಿ ಟ್ಯಾಗ್ ಹೋಯರ್ 'ಪೆಂಡುಲಮ್' ಎಂಬ ಮಾದರಿ ತೋರಿಸಿತು. ಅದರಲ್ಲಿ ಹಿಂದೆ ಮುಂದೆ ಓಲಾಡುವ ಬ್ಯಾಲೆನ್ಸ್ ಚಕ್ರವನ್ನು ಮರಳಿ ಎಳೆಯುವುದು ಅಯಸ್ಕಾಂತಗಳು. ಗಂಟೆಗೆ 43,200 ಬಡಿತ. ಎಚ್‌ಎಂಟಿ ಜನತಾದ್ದು 18,000. ಸ್ಪ್ರಿಂಗಿಗೆ ತೂಕವಿದೆ, ವಾಚು ಮಗುಚಿದರೆ ಜೋಲುತ್ತದೆ. ಕಾಂತಕ್ಷೇತ್ರಕ್ಕೆ ಆ ತಾಪತ್ರಯವಿಲ್ಲ.

ಅದರ ತಾಪತ್ರಯ ಬಿಸಿಯದು. ನಿಯೋಡಿಮಿಯಮ್ ಅಯಸ್ಕಾಂತ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 0.11ರಷ್ಟು ಬಲ ಕಳೆದುಕೊಳ್ಳುತ್ತದೆ. ಎರಡು ಅಯಸ್ಕಾಂತಗಳ ಸೆಳೆತಕ್ಕೆ ಎರಡರ ಬಲವನ್ನೂ ಗುಣಿಸಬೇಕು. ಬಡಿತದ ವೇಗ ಆ ಸೆಳೆತದ ವರ್ಗಮೂಲವನ್ನು ಅನುಸರಿಸುತ್ತದೆ. ಕೊನೆಗೆ ವೇಗವೂ ಶೇ 0.11 ಇಳಿಯುತ್ತದೆ. ದಿನಕ್ಕೆ 86,400 ಸೆಕೆಂಡು. ಅಂದರೆ ಡಿಗ್ರಿಗೆ ಒಂದೂವರೆ ನಿಮಿಷ ಹಿಂದೆ. ಹಳೆಯ ಸಾದಾ ಉಕ್ಕಿನ ಸ್ಪ್ರಿಂಗ್ ಹಿಂದೆ ಬೀಳುತ್ತಿದ್ದದ್ದು ಹತ್ತು-ಹನ್ನೊಂದು ಸೆಕೆಂಡು. ಅದನ್ನೂ ತಿದ್ದಿದ್ದು ಭೌತವಿಜ್ಞಾನಿ ಗಿಯೋಮ್ ಅವರ ನಿಕ್ಕಲ್ ಉಕ್ಕು. 1920ರ ನೊಬೆಲ್ ಅವರಿಗೆ ಬಂತು. ಸಮೇರಿಯಮ್-ಕೋಬಾಲ್ಟ್ ಬಳಸಿದರೆ ಅರ್ಧ ನಿಮಿಷಕ್ಕೆ ಬರಬಹುದು. ಅದೂ ವಾಚಲ್ಲ.

ಉಪಾಯವೊಂದು ನಮ್ಮ ಮನೆಗಳ ಗೋಡೆಯ ಮೇಲೆಯೇ ಇತ್ತು. ಚಕ್ರ ತಿರುಗುವ ಹಳೆಯ ಕರೆಂಟ್ ಮೀಟರಿನ ಅಯಸ್ಕಾಂತಕ್ಕೆ ನಿಕ್ಕಲ್-ಕಬ್ಬಿಣದ ಪಟ್ಟಿಯೊಂದನ್ನು ಸೇರಿಸುತ್ತಿದ್ದರು. ತಂಪಿದ್ದಾಗ ಅದು ಕಾಂತದ ಒಂದಷ್ಟು ಬಲವನ್ನು ಪಕ್ಕಕ್ಕೆ ಹರಿಸುತ್ತದೆ, ಬಿಸಿಯಾದಂತೆ ಬಿಟ್ಟುಕೊಡುತ್ತದೆ. ಹೀಗೆ ನಷ್ಟ ತುಂಬಿಬರುತ್ತದೆ. ವಾಚಿನ ಅಳತೆಗೆ ಇದನ್ನು ತರಲಾದೀತೇ? ನನಗೆ ಆಸೆಯಿದೆ. ಆದರೆ ಅದೇ ಮೀಟರಿನಲ್ಲಿ ಎಚ್ಚರಿಕೆಯೂ ಇದೆ: ಅಲ್ಲಿ ಅಯಸ್ಕಾಂತದ ಕೆಲಸವೇ ಅಲ್ಯೂಮಿನಿಯಮ್ ಚಕ್ರಕ್ಕೆ ಬ್ರೇಕ್ ಹಾಕುವುದು. ವಾಚಿನ ಹಿತ್ತಾಳೆ ತಟ್ಟೆಯ ಮೇಲೆ ಅಯಸ್ಕಾಂತ ಓಲಾಡಿದರೂ ಅದೇ ಬ್ರೇಕ್ ಬೀಳುತ್ತದೆ, ಓಲಾಟ ಕುಗ್ಗುತ್ತದೆ. ಓಲಾಟದ ಕೋನ ಹೆಚ್ಚಿದಾಗ ಸೆಳೆತ ಅದೇ ಪ್ರಮಾಣದಲ್ಲಿ ಹೆಚ್ಚದಿರುವ ಸಮಸ್ಯೆ ಬೇರೆ. ಅದಕ್ಕೆ ಮಧ್ಯಾಹ್ನದ ಗೋಷ್ಠಿಯಿದೆ.

ವಾಚಿನ ನಿಖರತೆ ಅಳೆಯುವ ಸ್ವಿಸ್ ಕ್ರೋನೋಮೀಟರ್ ಪರೀಕ್ಷೆ ನಡೆಯುವುದು 8, 23 ಮತ್ತು 38 ಡಿಗ್ರಿಗಳಲ್ಲಿ. ನಮ್ಮ ಬೇಸಿಗೆಗೆ 38 ದೊಡ್ಡ ಮಾತಲ್ಲ. ಯಾರಾದರೂ 23 ಡಿಗ್ರಿಯ ಅಂಕಿ ಮಾತ್ರ ತೋರಿಸಿದರೆ, ದಯವಿಟ್ಟು ಉಳಿದೆರಡನ್ನೂ ಕೇಳಿ.